ಖಾಲಾ ಒಗೆಯದ ಬಟ್ಟೆ

ಮೊನ್ನೆ ಕಿರಿಯ ಸೊಸೆ ಕೂಸಿನ ಪ್ಯಾಂಪರ್ಸ್ ಬಿಚ್ಚಿದಳು. ಒಳಗೇನಿದೆ ಎಂದು ಕಣ್ಣೆತ್ತಿಯೂ ನೋಡದೆ ಉಂಡೆ ಮಾಡಿ, ಅಂಟು ಹಚ್ಚಿ, ಕಸದ ಬಕೆಟ್ಟಿಗೆ ಎಸೆದಳು. ಅದನ್ನು ತೆಗೆದು ಕೊಡು ಎಂದೆ. ಅವಳಿಗೆ ನಗು ಬಂತು.

"ಅದರಾಗೇನು ಬಂಗಾರ ಅದ ಏನ್ರಿ ಅತ್ತೀ?"

"ಬಂಗಾರದ ಬಣ್ಣ ಅದನೋ ಇಲ್ಲೋ ನೋಡಬೇಕು. ತಾ ಇಲ್ಲಿ."

ಬಿಚ್ಚಿ ನೋಡಿದೆ. ಸಾಸಿವೆ ಅರೆದು ಸವರಿದಂತಿತ್ತು. ಸರಿ ಇದೆ ಎಂದು ಮಡಚಿ ನಾನೇ ಬಕೆಟ್ಟಿಗೆ ಹಾಕಿದೆ. ಸೊಸೆ ಮೂಗು ಹಿಡಿದುಕೊಂಡು ಹೊರಗೆ ಹೋದಳು. ಹುಳಿ ಹಾಲಿನಂಥ ಆ ವಾಸನೆ ಮಾತ್ರ ಕೈಗೆ ಹತ್ತಿಕೊಂಡಿತು. ಅದರ ಹಿಂದೆಯೇ ಖಾಲಾ ನೆನಪಾದಳು... ಬಚ್ಚಲ ಕಲ್ಲಿನ ಮೇಲೆ ಎರಡೂ ಕಾಲು ಚಾಚಿ, ಸೀರೆ ಮೊಣಕಾಲ ತನಕ ಎತ್ತಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಕೂತ ಖಾಲಾ.

ಖಾಲಾ ಅಂದರೆ ಚಿಕ್ಕಮ್ಮ. ಅವಳು ನನಗೆ ಯಾವ ಕಡೆಯಿಂದಲೂ ಸಂಬಂಧಿಯಲ್ಲ. ಸುರಪುರದ ನಮ್ಮ ಓಣಿಯಲ್ಲಿ ಕೂಸು ಹುಟ್ಟಿದ ಮನೆಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯಲು ಬರುತ್ತಿದ್ದ ಹೆಂಗಸು. ಅವಳ ಮನೆಯಲ್ಲಿ ದಖನಿ ಉರ್ದು, ನಮ್ಮ ಮನೆಗೆ ಬಂದರೆ ನಮ್ಮ ಮಾತು, ಎರೆಯುವಾಗ ಕೂಸಿನ ಕೂಡ ಮಾತ್ರ ಅವಳದೇ ಮಾತು. ನಮ್ಮವರು, ಅವಳ ಕಡೆಯವರು, ಗೋಡೆಗೆ ಬುದ್ಧನ ಫೋಟೋ ಹಾಕಿದವರು, ಎಲ್ಲರ ಮನೆಯ ಕೂಸುಗಳೂ ಅವಳ ಕಾಲ ಮೇಲೆಯೇ ಬೆಳೆದವು. ನನ್ನ ಇಬ್ಬರು ಗಂಡುಮಕ್ಕಳಿಗೂ ಅವಳೇ ಎರೆದಿದ್ದಳು. ಹಿರಿಯವನಿಗೆ ಕಾಲುವೆ ಖಾತೆಯಲ್ಲಿ ಗೇಟು ನೋಡುವ ಕೆಲಸ ಸಿಕ್ಕಾಗ ಹೊಸ ಪ್ಯಾಂಟು ಹಾಕಿಕೊಂಡು ಅವಳ ಮುಂದೆ ಹಾದು ಹೋದ. ಅವಳು ಬಿಡಲಿಲ್ಲ.

"ಏ ಸಾಹೇಬಾ, ನಿನ್ನ ಕುಂಡಿ ತೊಳದಾಕಿ ನಾನು. ನನ್ನ ಮುಂದ ಇಸ್ತ್ರಿ ತೋರಸಬ್ಯಾಡ."

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಬಳೆ ತೆಗೆದು ಬಚ್ಚಲ ಗೂಡಿನಲ್ಲಿ ಇಡುವಳು. ನೀರಿಗೆ ಮೊಳಕೈ ಅದ್ದಿ ನೋಡುವಳು. ಕೂಸಿಗೆ ಎಣ್ಣೆ ಹಚ್ಚಿ, ಎರೆದು, ಸುತ್ತಿ ಮಲಗಿಸಿದ ಮೇಲೆ ಅದರ ಬಟ್ಟೆ ಒಗೆಯಲು ಕೂರುವಳು. ಹಳೆಯ ಸೀರೆ ಹರಿದು ಮಾಡಿದ ಚೌಕ ಬಟ್ಟೆಗಳು. ಒಂದೊಂದನ್ನೂ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ನೀರಿಗೆ ಹಾಕುವಳು. ಇದು ಥಂಡಿ, ಇದು ತಾಯಿ ತಿಂದ ಕಡಲೆ, ಇದು ಹಾಲು ಸಾಲದ್ದು ಎಂದು ಹೇಳುವಳು. ಹೇಸಿಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಾನು ಒಮ್ಮೆ ಮುಖ ಸಿಂಡರಿಸಿದ್ದಕ್ಕೆ ಕೈಯಲ್ಲಿದ್ದ ಬಟ್ಟೆ ತೋರಿಸಿ ಅಂದಿದ್ದಳು: "ಮಾರಿ ಸುಳ್ಳ ಹೇಳ್ತದ ತಂಗೀ, ಅರಿವಿ ಹೇಳಂಗಿಲ್ಲ."

ಹಿರಿಯ ಮಗನಿಗೆ ಹೆಣ್ಣು ತಂದದ್ದು ಶಹಾಪುರದ ಹತ್ತಿರದ ಸಗರದಿಂದ. ಮಾತು ಕಡಿಮೆ ಆಡುವ ಹುಡುಗಿ. ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಹೆಣ್ಣು ಕೂಸು. ಹುಟ್ಟಿದ ಮೂರನೆಯ ದಿನಕ್ಕೆ ಹಳದಿಯಾಯಿತು. ಹೆರಿಗೆ ಆದ ದವಾಖಾನೆಯಲ್ಲಿ ಸರಿಯಾಗಿಯೇ ಹೇಳಿ ಕಳಿಸಿದ್ದರು: ಬಹಳ ಕೂಸುಗಳಿಗೆ ಹೀಗಾಗುತ್ತದೆ, ಹೋಗುತ್ತದೆ, ಎರಡು ವಾರ ದಾಟಿದರೂ ಹೋಗದಿದ್ದರೆ ಕರೆದುಕೊಂಡು ಬನ್ನಿ. ಎರಡು ವಾರ ದಾಟಿತು, ಹಳದಿ ಹೋಗಲಿಲ್ಲ. ನಾನು ಕಳಿಸಲಿಲ್ಲ. ಕಳಿಸದವಳು ನಾನೇ, ಬೇರೆ ಯಾರೂ ಅಲ್ಲ.

ಕಾಮಾಲೆಗೆ ನಾವು ಕಾಮಣಿ ಎನ್ನುತ್ತೇವೆ. ಕಾಮಣಿ ಆದರೆ ದವಾಖಾನೆಗೆ ಹೋಗುವ ರೂಢಿ ನಮ್ಮಲ್ಲಿ ಇರಲಿಲ್ಲ. ಬೇರಿನ ಸರ ಹಾಕಿಸುತ್ತಿದ್ದೆವು. ಬೇರಿನ ಸಣ್ಣ ತುಣುಕುಗಳನ್ನು ದಾರದಲ್ಲಿ ಪೋಣಿಸಿ ತಲೆಗೆ ಹಾಕುತ್ತಾರೆ. ದಿನ ಕಳೆದಂತೆ ಅದು ಸಡಿಲಾಗಿ ಕೊರಳಿಗೆ, ಎದೆಗೆ ಇಳಿಯುತ್ತದೆ. ಸರ ಇಳಿದಷ್ಟು ಹಳದಿ ಇಳಿಯಿತು ಎಂದು ಲೆಕ್ಕ. ಬೇರು ಒಣಗಿ ಸಣ್ಣಗಾದರೆ ಸರ ಸಡಿಲಾಗಲೇಬೇಕು, ಅಷ್ಟು ನನಗೆ ಆಗ ಹೊಳೆಯಲಿಲ್ಲ. ಜೊತೆಗೆ ಪಥ್ಯ. ಹಳದಿ ಬಣ್ಣದ್ದು ಯಾವುದೂ ಒಳಗೆ ಹೋಗಬಾರದು. ಸೊಸೆಯ ಊಟದಲ್ಲಿ ಅರಿಶಿನ ಬಿಡಿಸಿದೆ, ತೊಗರಿಬೇಳೆ ಬಿಡಿಸಿದೆ. ಬಾಣಂತಿಯ ಮೈಗೆ ಹಚ್ಚುವ ಅರಿಶಿನವನ್ನೂ ನಿಲ್ಲಿಸಿದೆ. ಬಿಳಿ ಜೋಳದ ರೊಟ್ಟಿ, ಹಾಲು, ಬೆಳ್ಳುಳ್ಳಿ.

ತಿಂಗಳಾಗುವ ಹೊತ್ತಿಗೆ ಕೂಸಿನ ಬಟ್ಟೆ ಬೆಳ್ಳಗಾಗತೊಡಗಿತು. ಕಲೆಯಿಲ್ಲ, ಬಣ್ಣವಿಲ್ಲ, ಸುಣ್ಣದ ನೀರು ಚೆಲ್ಲಿದಂತೆ. ನಾನು ಹಿಗ್ಗಿದೆ. ಅರಿಶಿನ ಬಿಡಿಸಿದ್ದು ಫಲ ಕೊಟ್ಟಿತು, ಹಳದಿ ಇಳಿದು ಹೋಯಿತು ಎಂದುಕೊಂಡೆ. ಓಣಿಯ ನಾಲ್ಕು ಮಂದಿಗೆ ಹೇಳಿಯೂ ಹೇಳಿದೆ. ಕೂಸಿನ ಕಣ್ಣು ಮಾತ್ರ ಇನ್ನೂ ಹಳದಿಯಿತ್ತು. ಅದು ಕೊನೆಗೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಖಾಲಾ ಮೊದಮೊದಲು ಏನೂ ಅನ್ನಲಿಲ್ಲ. ಬಟ್ಟೆ ನೋಡುವುದು, ಸುಮ್ಮನೆ ಒಗೆಯುವುದು. ಕೂಸಿಗೆ ಒಂದೂವರೆ ತಿಂಗಳಾದಾಗ ಒಂದು ಮುಂಜಾನೆ ಒಗೆಯುವುದನ್ನೇ ಬಿಟ್ಟಳು. ಬಟ್ಟೆಯನ್ನು ಕಲ್ಲಿನ ಮೇಲೆ ಹರಡಿಕೊಂಡು ಕೂತಿದ್ದಳು.

"ನೀರ ಆರಾಕತ್ತದ ಖಾಲಾ."

"ಆರ್ಲಿ. ಇಲ್ಲಿ ಬಾ ತಂಗೀ. ಇದೇನ ನೋಡು."

"ಬೆಳ್ಳಗ ಅದ. ಹಳದಿ ಇಳದದ. ನನ್ನ ಪಥ್ಯ ಸುಳ್ಳಾಗಲಿಲ್ಲ."

"ಇಳದಿದ್ರ ಇದರಾಗ ಇರಬೇಕಿತ್ತಲ್ಲ?" ಎಂದಳು. "ಇದರಾಗ ಇಲ್ಲ. ಉಚ್ಚಿ ಅರಿವ್ಯಾಗ ಅದ, ಕಣ್ಣಾಗ ಅದ. ಹೋಗೋ ಹಾದಿ ಬಿಟ್ಟು ಅಡ್ಡ ಹಾದಿ ಹಿಡದದ. ಎಷ್ಟೋ ಕೂಸಿನ ಅರಿವಿ ಒಗದೀನಿ, ಇಂಥಾದ್ದು ಒಗದಿಲ್ಲ. ಡಾಕ್ಟರಿಗೆ ತೋರಸು."

ಅವಳು ಅಲ್ಲಿಗೆ ನಿಲ್ಲಿಸಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಎದ್ದು ಬಂದು, ನನ್ನ ಕೈ ಹಿಡಿದು ಕೂಸಿನ ಎದೆಯ ಮೇಲೆ ಇಟ್ಟಳು. ಎಡಗಡೆ. ಏನೂ ಹತ್ತಲಿಲ್ಲ. ಆಮೇಲೆ ಕೈಯನ್ನು ಬಲಕ್ಕೆ ಸರಿಸಿದಳು. ಅಲ್ಲಿ ಟಕ್ ಟಕ್ ಎಂದು ಬಡಿಯುತ್ತಿತ್ತು. ಗುಬ್ಬಿಯನ್ನು ಹಿಡಿದಾಗ ಬಡಿಯುತ್ತದಲ್ಲ, ಹಾಗೆ.

"ಇದು ನನಗ ಮೊದಲ ದಿನಾನ ಗೊತ್ತಾಗಿತ್ತು. ಬಲಕ್ಕ ಬಡದ್ರ ಬಡೀಲಿ, ಜೀವಕ್ಕೇನು ಅಂತ ಸುಮ್ಮನಿದ್ದೆ. ಈಗ ಎರಡೂ ಕೂಡಿದ್ವು ನೋಡು. ಒಳಗ ಹುಟ್ಟಿದ್ದ ಬ್ಯಾರೆ ನಮೂನಿ ಅದ ಈ ಕೂಸು."

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಮೊದಲಿನಿಂದಲೂ ಹಾಗೆ. ಗಂಡ ಸತ್ತ ದಿನವೂ ನಾನು ಅಳುವ ಮೊದಲು ಬೈದಿದ್ದೆ. ಆ ಹೊತ್ತು ಕೈಗೆ ಸಿಕ್ಕವಳು ಖಾಲಾ.

"ಮೊದಲ ದಿನಾನ ಗೊತ್ತಿತ್ತು ಅಂದ್ರ ಹೇಳಬೇಕಿತ್ತಲ್ಲ? ನೀನ ತಿಕ್ಕಿ ತಿಕ್ಕಿ ಎದಿ ತಿರುವಿ ಇಟ್ಟೀದಿ! ಹೊಟ್ಟಿ ಒತ್ತಿ ಒತ್ತಿ ಕಾಮಣಿ ಬರಿಸೀದಿ!"

"ಎದಿ ಏನ್ ಗಡಿಯಾರದ ಮುಳ್ಳ ಏನ್ ತಂಗೀ, ತಿರುವಾಕ?"

"ನನ್ನ ಮನಿ ಕೂಸಿಗೆ ಇನ್ನ ಕೈ ಹಚ್ಚಬ್ಯಾಡ. ನಡಿ."

ನಮ್ಮ ಬಚ್ಚಲ ಗೋಡೆಯ ಆಚೆಗೇ ಓಣಿಯ ನಳ. ಅಲ್ಲಿ ಆರೇಳು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಅವರಿಗೆ ಕೇಳಲಿ ಎಂದೇ ದನಿ ಎತ್ತಿದ್ದೆ. ಖಾಲಾ ಕೈ ತೊಳೆದುಕೊಂಡಳು. ಗೂಡಿನಿಂದ ಬಳೆ ತೆಗೆದು ಒಂದೊಂದಾಗಿ ಹಾಕಿಕೊಂಡಳು. ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ತೆಗೆದುಕೊಂಡಳು. ಆ ಒಗೆಯದ ಬಟ್ಟೆಯನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದಳು. ಹೇಸಿಗೆಯನ್ನು ಯಾರಾದರೂ ಮನೆಗೆ ಒಯ್ಯುತ್ತಾರೆಯೇ, ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಮಾತು ಅವತ್ತೇ ಓಣಿ ದಾಟಿತು. ಮರುದಿನ ಹಿಟ್ಟಿನ ಗಿರಣಿಯಲ್ಲಿ ನನಗೇ ಒಬ್ಬಳು ಕೇಳಿದಳು, ಆ ಎರೆಯುವವಳು ನಿಮ್ಮ ಕೂಸಿನ ಎದೆ ತಿರುಗಿಸಿದಳಂತಲ್ಲ ಎಂದು. ಹೌದು ಎಂದೆ. ನಮ್ಮಿಂದ ಮೂರನೆಯ ಮನೆಯಲ್ಲಿ ಇಪ್ಪತ್ತು ದಿನದ ಕೂಸಿತ್ತು. ಅವರು ಖಾಲಾಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ಆಮೇಲೆ ಇನ್ನೊಂದು ಮನೆ. ನನಗೆ ಎಲ್ಲವೂ ಗೊತ್ತಿತ್ತು. ಮರುಕವೇನೂ ಆಗಲಿಲ್ಲ. ನಾನು ಹೇಳಿದ್ದು ನಿಜವಿರಬೇಕು, ಇಲ್ಲದಿದ್ದರೆ ಇಷ್ಟು ಮಂದಿ ಯಾಕೆ ನಂಬುತ್ತಾರೆ ಎಂದುಕೊಂಡೆ.

ಕೂಸಿಗೆ ನಾನೇ ಎರೆಯತೊಡಗಿದೆ. ಹೊಟ್ಟೆ ಉಬ್ಬುತ್ತಿತ್ತು. ಒತ್ತಿದರೆ ಒಳಗೆ ಗಟ್ಟಿ. ಎಣ್ಣೆ ಹಚ್ಚುವಾಗ ಬಲಗಡೆ ಬಡಿತ ಕೈಗೆ ಹತ್ತಿದರೆ ಕೈ ತೆಗೆದುಬಿಡುತ್ತಿದ್ದೆ... ಹೀಗೆ ಹನ್ನೆರಡು ದಿನ.

ಹನ್ನೆರಡನೆಯ ದಿನ ನಾನು ಗಿರಣಿಗೆ ಹೋದಾಗ ಖಾಲಾ ಹಿತ್ತಲಿಗೆ ಬಂದಿದ್ದಳಂತೆ. ಇದನ್ನು ಸೊಸೆ ನನಗೆ ಬಹಳ ದಿನದ ಮೇಲೆ ಹೇಳಿದಳು. ಗೋಡೆಯ ಮೇಲಿಂದ ಆ ಪ್ಲಾಸ್ಟಿಕ್ ಚೀಲ ಕೊಟ್ಟು, "ಬೇಟೀ, ಇವತ್ತಿನ ಅರಿವಿ ಇದರ ಬಾಜೂಕ ಇಟ್ಟು ನೋಡು. ಎರಡೂ ಒಂದೇ ಇದ್ರ ನಿಮ್ಮ ಅತ್ತೀನ ಕೇಳಬ್ಯಾಡ, ಡಾಕ್ಟರಿಗೆ ಒಯ್ದು ತೋರಸು. ಕಿವ್ಯಾಗ ಹಾಕ್ಕೊಂಡು ನೋಡ್ತಾರಲ್ಲ, ಅದನ್ನ ಬಲಕ್ಕ ಇಡ್ರಿ ಅನ್ನು" ಎಂದು ಹೇಳಿ ಹೋದಳಂತೆ. ಸೊಸೆ ಇಟ್ಟು ನೋಡಿದಳು. ಎರಡೂ ಒಂದೇ ಇದ್ದವು.

ನಾನು ಹಿಟ್ಟಿನ ಡಬ್ಬಿ ಇಳಿಸುವಾಗ ಅವಳು ಕೂಸನ್ನು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗ ಬೈಕು ಹೊರಗೆ ತೆಗೆದಿದ್ದ.

"ಅತ್ತೀ, ನಾ ಶಹಾಪುರಕ್ಕ ಹೊಂಟೀನಿ."

"ಬಾಣಂತಿ ಹೊಸ್ತಿಲಾ ದಾಟಂಗಿಲ್ಲ."

"ಬಾಣಂತಿ ದಾಟೂದು ಬ್ಯಾಡ್ರಿ. ಕೂಸಿನ ತಾಯಿ ದಾಟ್ತಾಳ."

ಮದುವೆಯಾಗಿ ಬಂದ ಮೇಲೆ ಅವಳು ನನಗೆ ಎದುರಾಡಿದ್ದು ಅದೇ ಮೊದಲು. ನಾನು ದಾರಿ ಬಿಟ್ಟೆ.

ಶಹಾಪುರದ ಮಕ್ಕಳ ಡಾಕ್ಟರು ಎಡಕ್ಕೆ ಇಟ್ಟು ಕೇಳಿದರಂತೆ, ಹುಬ್ಬು ಗಂಟಾಯಿತಂತೆ. ಸೊಸೆ ಬಲಕ್ಕೆ ಇಡಿ ಎಂದಳು. ಆಮೇಲೆ ಚೀಲ ಬಿಚ್ಚಿದಳು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಬಟ್ಟೆಯನ್ನು ಕಿಟಕಿಯ ಹತ್ತಿರ ಮೇಜಿನ ಮೇಲೆ ಹರಡಿ ನೋಡಿ, ಇದನ್ನು ಒಗೆಯದೆ ಇಟ್ಟವರು ಯಾರು ಎಂದು ಕೇಳಿದರಂತೆ. ಯಾದಗಿರಿಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಎಲ್ಲಿಯೂ ನಿಲ್ಲದೆ ಹೈದರಾಬಾದಿಗೆ ಹೋಗಿ ಎಂದು ಚೀಟಿ ಬರೆದರು. ಯಾದಗಿರಿಯಿಂದ ರೈಲು ಹತ್ತಿದೆವು. ನಾನೂ ಹೋದೆ. ಸೊಸೆಯ ಕೂಡ ಒಬ್ಬ ಹೆಂಗಸು ಬೇಕಿತ್ತು, ಇದ್ದವಳು ನಾನೊಬ್ಬಳೇ.

ಅಲ್ಲಿನ ದೊಡ್ಡ ದವಾಖಾನೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು ಇದ್ದಳು. ತೆಲುಗಿನವಳು. ನಮ್ಮ ಕೂಡ ಉರ್ದುವಿನಲ್ಲಿ ಮಾತಾಡಿದಳು. ಅದು ನನಗೆ ತಿಳಿಯುತ್ತಿತ್ತು, ಖಾಲಾ ನಮ್ಮ ಬಚ್ಚಲಲ್ಲಿ ಅಷ್ಟು ವರ್ಷ ಕೂಸುಗಳ ಕೂಡ ಅದನ್ನೇ ಆಡಿದ್ದರಿಂದ. ನಾನು ಕಲಿತದ್ದು ನಾಲ್ಕನೆಯ ತರಗತಿ. ಡಾಕ್ಟರು ಹೇಳಿದ್ದರಲ್ಲಿ ನನಗೆ ಹತ್ತಿದಷ್ಟನ್ನು ಬರೆಯುತ್ತೇನೆ.

ತಿಂದದ್ದು ಕರಗಲು ಲಿವರಿನಲ್ಲಿ ಪಿತ್ತ ಹುಟ್ಟುತ್ತದೆ. ಅದು ಸಣ್ಣ ನಳಿಗೆಗಳಲ್ಲಿ ಹರಿದು ಕರುಳಿಗೆ ಬೀಳುತ್ತದೆ. ಬಟ್ಟೆಗೆ ಹಳದಿ ಬಣ್ಣ ಬರುವುದೇ ಆ ಪಿತ್ತದಿಂದ. ನಳಿಗೆ ಮುಚ್ಚಿದ್ದರೆ ಪಿತ್ತ ಕೆಳಗೆ ಇಳಿಯುವುದಿಲ್ಲ. ಬಟ್ಟೆ ಬೆಳ್ಳಗಾಗುತ್ತದೆ, ಪಿತ್ತವೆಲ್ಲ ಲಿವರಿನಲ್ಲಿ ತುಂಬಿ ಅದನ್ನೇ ಸುಡುತ್ತದೆ, ಉಳಿದದ್ದು ರಕ್ತಕ್ಕೆ ಸೇರಿ ಕಣ್ಣಿಗೂ ಮೂತ್ರಕ್ಕೂ ಹೋಗುತ್ತದೆ. ಅಂದರೆ ಖಾಲಾ ಬಚ್ಚಲಲ್ಲಿ ಕೂತು ಹೇಳಿದ್ದೇ. ನಾನು ಹಳದಿ ಹೋಯಿತೆಂದು ಹಿಗ್ಗಿದ ಬಿಳುಪು ಇದ್ದದ್ದರಲ್ಲೇ ಕೆಟ್ಟ ಗುರುತು.

ಮಗ ತನ್ನ ಕೆಲಸದ ಲೆಕ್ಕದಲ್ಲಿ ಕೇಳಿದ, ಕಾಲುವೆಗೆ ಹೂಳು ತುಂಬಿದ ಹಾಗೆಯೇ ಎಂದು. ಡಾಕ್ಟರು ಸ್ವಲ್ಪ ಯೋಚಿಸಿ, ಅಲ್ಲ ಎಂದಳು. ಹೂಳು ತುಂಬುವುದು ತೋಡಿ ಮುಗಿದ ಕಾಲುವೆಗೆ. ನಿಮ್ಮ ಕೂಸಿನದು ತೋಡುವಾಗಲೇ ತಪ್ಪಿದ್ದು.

ಕೇಸ್‌ಪೇಪರಿನ ಹಿಂದೆ ಅವಳು ಗೀಚಿ ತೋರಿಸಿದಳು. ಹೊಟ್ಟೆಯಲ್ಲಿ ಕೂಸು ಇನ್ನೂ ಅವರೆಕಾಳಿನಷ್ಟು ಇರುವಾಗ, ಕರುಳಾಗುವ ಭಾಗದಿಂದ ಒಂದು ಮೊಳಕೆ ಒಡೆದು ಅದೇ ಲಿವರೂ ಪಿತ್ತದ ನಳಿಗೆಯೂ ಆಗುತ್ತದೆ. ಲಿವರಿನ ಒಳಗೆ ನಳಿಗೆಗಳು ಮೊದಲು ನಳಿಗೆಗಳೇ ಆಗಿರುವುದಿಲ್ಲ. ರಕ್ತನಾಳದ ಸುತ್ತ ಕುಪ್ಪಸದ ತೋಳಿನಂಥ ಒಂದು ಪದರ ಇರುತ್ತದೆ. ಬರಬರುತ್ತ ಅದರಲ್ಲಿ ಬೇಡದ್ದು ಕರಗಿ, ಬೇಕಾದದ್ದು ನಳಿಗೆಯಾಗಿ ಉಳಿಯಬೇಕು. ಎಲ್ಲೋ ಒಂದು ಹಂತದಲ್ಲಿ ಆ ಕೆಲಸ ಕೆಟ್ಟರೆ ನಳಿಗೆ ಆಗುವುದೇ ಇಲ್ಲ, ಆದರೂ ಮುಚ್ಚಿಕೊಳ್ಳುತ್ತದೆ. ಹೃದಯ ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ಗೊತ್ತಾಗುವುದೂ ಆ ಮೊದಲ ವಾರಗಳಲ್ಲೇ. ಅದಕ್ಕೇ ಕೆಲವು ಕೂಸುಗಳಲ್ಲಿ ಎರಡೂ ಕೂಡಿಯೇ ತಪ್ಪುತ್ತವೆ. ಬಲಕ್ಕೆ ಬಡಿಯುವ ಎದೆಯೇ ಸಾಕ್ಷಿ, ಇದು ಹುಟ್ಟಿದ ಮೇಲೆ ಆದದ್ದಲ್ಲ ಎಂದಳು. ಎಲ್ಲ ಕೂಸುಗಳದೂ ಹೀಗಲ್ಲವಂತೆ. ಹೆಚ್ಚಿನವುಗಳಲ್ಲಿ ಎದೆ ಎಡಕ್ಕೇ ಇರುತ್ತದೆ, ನಳಿಗೆ ಮಾತ್ರ ಬಾತು, ಗಾಯವಾಗಿ ಮುಚ್ಚುತ್ತದೆ. ಅದು ಯಾಕೆ, ಯಾವಾಗ ಶುರುವಾಗುತ್ತದೆ ಎಂದು ನಮಗೂ ಪೂರ್ತಿ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅವತ್ತೇ ನೋಡಿದ್ದು.

ನಾನು ಕೇಳಿದೆ, ತಾಯಿ ಏನಾದರೂ ತಿಂದದ್ದಕ್ಕೆ ಆಯಿತೇ. ಇಲ್ಲ ಎಂದಳು. ತಾನು ಬಸುರಿ ಎಂದು ತಾಯಿಗೆ ಖಾತ್ರಿಯಾಗುವ ಹೊತ್ತಿಗೇ ಇದು ಶುರುವಾಗಿರುತ್ತದೆ. ಸೊಸೆ ಪಕ್ಕದಲ್ಲೇ ಕೂತಿದ್ದಳು, ತಲೆ ಎತ್ತಲಿಲ್ಲ. ಆಮೇಲೆ ಕೇಳಿದೆ, ಎರೆಯುವವಳು ತಿಕ್ಕಿದ್ದಕ್ಕೆ ಎದೆ ತಿರುಗುತ್ತದೆಯೇ. ಇಲ್ಲ. ಮತ್ತೊಮ್ಮೆ ಕೇಳಿದೆ, ಜೋರಾಗಿ ಒತ್ತಿದ್ದರೆ. ಅವಳಿಗೆ ಬೇಸರ ಬಂತು. ಪೆನ್ನು ಕೆಳಗಿಟ್ಟು ಅಂದಳು: "ಇಸ್ಮೇ ಕಿಸೀಕಾ ಬೀ ಹಾಥ್ ನೈ, ಅಮ್ಮಾ."

ಇದರಲ್ಲಿ ಯಾರ ಕೈಯೂ ಇಲ್ಲ. ಅವಳು ಆಡುಮಾತಿಗೆ ಹಾಗಂದದ್ದು. ನನಗೆ ಮಾತ್ರ ಕೈಯೇ ಕಂಡಿತು. ಎಣ್ಣೆ ಹತ್ತಿದ, ಬಳೆ ತೆಗೆದ ಕೈ.

ಕೂಸಿಗೆ ಎರಡು ತಿಂಗಳು ದಾಟಿ ಒಂಬತ್ತು ದಿನವಾದಾಗ ಆಪರೇಷನ್ ಆಯಿತು. ಹೊರಗಿನ ನಳಿಗೆ ದಾರದಂತೆ ಇತ್ತಂತೆ, ಒಳಗೆ ತೂತೇ ಇಲ್ಲ. ಅದನ್ನು ತೆಗೆದು, ಕರುಳಿನ ಒಂದು ತುದಿಯನ್ನು ಎಳೆದು ಲಿವರಿನ ಬುಡಕ್ಕೆ ಹೊಲಿದರು. ಗುಲ್ಮ, ಸ್ಪ್ಲೀನ್ ಎನ್ನುತ್ತಾರಲ್ಲ, ಅದು ಎಲ್ಲರಿಗೂ ಒಂದಿದ್ದರೆ ಈ ಕೂಸಿಗೆ ಸಣ್ಣ ಸಣ್ಣವು ಐದಾರು ಇದ್ದವಂತೆ, ಅದೂ ಹುಟ್ಟಿನದೇ ಗುರುತು. ಎರಡು ತಿಂಗಳ ಒಳಗೆ ಆಪರೇಷನ್ ಆಗಿದ್ದರೆ ಇನ್ನೂ ಒಳ್ಳೆಯದಿತ್ತು ಎಂದಳು ಡಾಕ್ಟರು. ಅದನ್ನು ಬೈಯುವ ದನಿಯಲ್ಲಿ ಹೇಳಲಿಲ್ಲ. ಒಂಬತ್ತು ದಿನ ತಡವಾಗಿತ್ತು. ಖಾಲಾ ಹೇಳಿದ ಮೇಲೆ ನಾನು ಕಳೆದದ್ದು ಹನ್ನೆರಡು.

ಒಂದು ಮುಂಜಾನೆ ಸೊಸೆ ವಾರ್ಡಿನಿಂದ ಓಡಿ ಬಂದಳು. ನಾನು ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ.

"ಅತ್ತೀ, ಹಸರ ಹೋಗೇದ್ರಿ! ಹಸರ!"

ಅಕ್ಕಪಕ್ಕದವರು ತಿರುಗಿ ನೋಡಿದರು. ಬಟ್ಟೆ ಕೈಯಲ್ಲೇ ಹಿಡಿದು ತಂದಿದ್ದಳು. ಹಸಿರು, ಅಂಚಿನಲ್ಲಿ ಅರಿಶಿನ. ಪಿತ್ತ ಕೆಳಗೆ ಇಳಿಯತೊಡಗಿತ್ತು. ನಾನು ಚಹಾ ಅಲ್ಲೇ ಇಟ್ಟು ಅದನ್ನು ಬೆಳಕಿಗೆ ಹಿಡಿದು ನೋಡಿದೆ.

ಊರಿಗೆ ಬಂದಾಗ ಖಾಲಾ ಇರಲಿಲ್ಲ. ಎರೆಯಲು ಕರೆಯುವವರಿಲ್ಲದೆ ಹುಣಸಗಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ನಾನು ತಕ್ಷಣ ಹೋದೆ ಎಂದರೆ ಸುಳ್ಳಾಗುತ್ತದೆ. ಕೂಸಿಗೆ ಜ್ವರ ಬರುತ್ತಿತ್ತು, ಹೈದರಾಬಾದಿಗೆ ಓಡುತ್ತಿದ್ದೆವು, ಇಂಥ ನೆವ ಬೇಕಾದಷ್ಟಿದ್ದವು. ಕೂಸಿಗೆ ವರ್ಷ ತುಂಬಿ, ಗೋಡೆ ಹಿಡಿದು ನಿಲ್ಲತೊಡಗಿದ ಮೇಲೆ ಬಸ್ಸು ಹತ್ತಿದೆ.

ಅವಳು ಮಗಳ ಮನೆಯ ಮುಂದೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಏಳಲಿಲ್ಲ. ನನ್ನನ್ನು ನೋಡಿ ಕೇಳಿದ್ದು ಒಂದೇ.

"ಅರಿವಿ ಎಂಥಾ ಬಣ್ಣ?"

"ಹಳದಿ."

"ಹಾಂ," ಎಂದು ಮತ್ತೊಂದು ಮೆಣಸಿನಕಾಯಿ ಮುರಿದಳು.

ನಾನು ಪಕ್ಕದಲ್ಲಿ ಕೂತೆ. ನನ್ನ ಕೈಯೂ ತೊಟ್ಟು ಮುರಿಯತೊಡಗಿತು. ಮುರಿಯುತ್ತಲೇ ಹೇಳಿದೆ, ಡಾಕ್ಟರು ಹೇಳಿದ್ದಾರೆ, ನಿನ್ನ ಕೈಯಿಂದ ಆದದ್ದಲ್ಲವಂತೆ ಎಂದು. ತಪ್ಪಾಯಿತು ಎಂಬ ಮಾತು ನಾಲಿಗೆಗೆ ಬರಲಿಲ್ಲ. ಖಾಲಾ ನಕ್ಕಳು.

"ನನ್ನ ಕೈ ಸುದ್ದಿ ನನಗ ಹೇಳಾಕ ಹುಣಸಗಿತನಾ ಬಂದೇನ್? ನನ್ನ ಕೈ ನನಗ ಗೊತ್ತದ. ನಳದ ಹತ್ರ ಕೇಳಂಗ ಅಂದಿದ್ದಿ ತಂಗೀ. ನಳದ ಹತ್ರ ಹೇಳು. ಅವರು ಕರದ್ರ ನಾಳೆ ಬರ್ತೀನಿ."

ಆಮೇಲೆ ಆ ಸುದ್ದಿ ಎತ್ತಲಿಲ್ಲ. ಮಗಳು ಚಹಾ ಕೊಟ್ಟಳು. ಬಸ್ಸಿಗೆ ಹೊತ್ತಾಯಿತು, ಎದ್ದೆ.

ನಳದ ಹತ್ತಿರ ಹೇಳಿದೆ. ಹೇಗೆ ಹೇಳಿದೆ ಎಂಬುದನ್ನೂ ಬರೆಯಬೇಕು. ಕೂಸಿಗೆ ಹುಟ್ಟಿನಿಂದಲೇ ಹಾಗಿತ್ತಂತೆ, ಡಾಕ್ಟರು ಹೇಳಿದರು ಎಂದೆ. ಹೌದಾ ಎಂದರು, ಕೊಡ ಎತ್ತಿಕೊಂಡು ಹೋದರು. ಖಾಲಾಳ ಸುದ್ದಿ ತೆಗೆಯಲಿಲ್ಲ. ನಾನು ಅಂದದ್ದು ಸುಳ್ಳು ಎಂದು ಹೇಳಲಿಲ್ಲ. ಅಷ್ಟು ಹೇಳಿದ್ದಕ್ಕೇ ಹೇಳಿದಂತಾಯಿತು ಎಂದು ಮನೆಗೆ ಬಂದೆ. ಅವಳನ್ನು ಯಾರೂ ಕರೆಯಲಿಲ್ಲ.

ಎರಡು ವರ್ಷದ ಹಿಂದೆ ಹುಣಸಗಿಯ ಕಡೆಯಿಂದ ಬರುವ ಬಾಳೆಹಣ್ಣಿನವಳು ಹೇಳಿದಳು, ಖಾಲಾ ಹೋಗಿ ತಿಂಗಳಾಯಿತು ಎಂದು. ಒಲೆಯ ಮೇಲೆ ರೊಟ್ಟಿ ಇತ್ತು. ಅದನ್ನು ತಿರುವಿ ಹಾಕಿದೆ...

ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ತೆಳ್ಳಗಿದ್ದಾಳೆ, ಬಾಯಿ ಜೋರು. ಹೊಟ್ಟೆಯ ಮೇಲೆ ಅಡ್ಡ ಗೆರೆ ಇದೆ. ಜ್ವರ ಬಂದರೆ ಮನೆಯ ಮದ್ದಿಲ್ಲ, ಸೀದಾ ದವಾಖಾನೆ. ಈ ಲಿವರು ಎಲ್ಲಿಯ ತನಕ ನಡೆಯುತ್ತದೋ ನಡೆಯಲಿ, ಮುಂದೆ ಒಂದು ದಿನ ಬೇರೆಯದು ಬೇಕಾದೀತು ಎಂದು ಡಾಕ್ಟರು ಹೇಳಿದ್ದಾಳೆ. ಶಾಲೆಯಲ್ಲಿ ಎದೆಯ ಮೇಲೆ ಕೈ ಇಡಿ ಎಂದರೆ ಇವಳು ಬಲಗಡೆ ಇಟ್ಟುಕೊಂಡು ನಿಲ್ಲುತ್ತಾಳೆ. ಮಾಸ್ತರರು ತಿದ್ದಲು ಹೋದರೆ, ನನ್ನದು ಇಲ್ಲೇ ಇದೆ ಸರ್, ಮುಟ್ಟಿ ನೋಡಿ ಎಂದಳಂತೆ.

ಮೊನ್ನೆ ನಾನು ಪ್ಯಾಂಪರ್ಸ್ ಬಿಚ್ಚಿ ನೋಡುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಸಂಜೆ ಅವಳ ಜಡೆ ಹಾಕುತ್ತಿದ್ದೆ. ತಿರುಗದೆಯೇ ಕೇಳಿದಳು.

"ಅಜ್ಜೀ, ಹಳೇ ಎರಿಯಾಕಿ ಒಬ್ಬಾಕಿ ನನ್ನ ಎದಿ ತಿರುವಿದ್ಳಂತಲ್ಲ, ಹೌದೇನ?"

"ಯಾರಂದ್ರು?"

"ನಳದ ಹತ್ರ ಎಲ್ಲಾರೂ ಅಂತಾರ."

ನನ್ನ ಕೈಯಲ್ಲಿ ಜಡೆಯ ಮೂರೂ ಎಳೆ ಹಾಗೇ ನಿಂತವು. ಖಾಲಾ ಸತ್ತಿದ್ದಳು. ನಾನು ಅಂದ ಮಾತು ಬದುಕಿತ್ತು. ಅದು ತಿರುಗಿ ಬಂದು ಯಾರ ಜೀವ ಅವಳು ಉಳಿಸಿದಳೋ ಆ ಹುಡುಗಿಯ ಬಾಯಲ್ಲೇ ಕೂತಿತ್ತು.

"ಇಲ್ಲ. ನೀ ಹುಟ್ಟಿದ್ದ ಹಂಗ. ಆಕಿ ತಿರುವಿಲ್ಲ. ತಿರುವ್ಯಾಳ ಅಂತ ಸುಳ್ಳ ಹೇಳಿದಾಕಿ ನಾನು. ನಿನ್ನ ದವಾಖಾನಿಗೆ ಕಳಿಸಿದಾಕಿ ಆಕಿ."

"ಯಾಕ ಹೇಳಿದಿ ಸುಳ್ಳ?"

"ಅಂಜಿದ್ದೆ."

"ಮತ್ತ ಆಕಿಗೆ ತಪ್ಪಾತು ಅಂದಿ?"

"ಇಲ್ಲ."

ಅವಳು ತಿರುಗಿ ನನ್ನ ಮುಖ ನೋಡಿದಳು. ಅರ್ಧ ಹೆಣೆದ ಜಡೆ ಬಿಚ್ಚಿಹೋಯಿತು.

ಮರುದಿನ ಮುಂಜಾನೆ ನಳಕ್ಕೆ ಹೋದೆ. ಈಗ ನಮಗೆ ಮನೆಯಲ್ಲೇ ನೀರು ಬರುತ್ತದೆ, ಆದರೂ ಕೊಡ ಹಿಡಿದು ಹೋದೆ. ಎಂಟು ಮಂದಿ ಇದ್ದರು. ಹಿಂದೆ ಬಚ್ಚಲಿನಿಂದ ಎತ್ತಿದ್ದ ದನಿಯಲ್ಲೇ ಹೇಳಿದೆ, ನನ್ನ ಮೊಮ್ಮಗಳ ಎದೆ ಖಾಲಾ ತಿರುಗಿಸಿದ್ದಲ್ಲ, ಅದು ನಾನು ಕಟ್ಟಿದ ಸುಳ್ಳು, ಆ ಕೂಸು ಬದುಕಿದ್ದು ಅವಳಿಂದ ಎಂದು. ಮುಂದೆ ನಿಂತಿದ್ದ ಒಬ್ಬ ಸೊಸೆ, ಓಣಿಗೆ ಬಂದು ಮೂರು ವರ್ಷವಾದವಳು, ಕೇಳಿದಳು.

"ಯಾವ ಖಾಲಾರಿ ಅವ್ವಾ?"

ನೋಡಿದೆ. ಎಂಟರಲ್ಲಿ ಆರು ಮಂದಿ ಅವಳನ್ನು ಕಂಡೇ ಇರಲಿಲ್ಲ. ಎದೆ ತಿರುಗಿಸಿದ ಕಥೆ ಎಲ್ಲರಿಗೂ ಗೊತ್ತಿತ್ತು, ಹೆಂಗಸು ಗೊತ್ತಿರಲಿಲ್ಲ. ಅವಳು ಹೇಗಿದ್ದಳು, ಎಲ್ಲಿ ಕೂರುತ್ತಿದ್ದಳು, ಎಷ್ಟು ಕೂಸುಗಳಿಗೆ ಎರೆದಳು ಎಂದು ಮೊದಲಿನಿಂದ ಹೇಳತೊಡಗಿದೆ. ಕೊಡ ತುಂಬಿದವರು ಒಬ್ಬೊಬ್ಬರಾಗಿ, ಹೌದ್ರಿ ಅವ್ವಾ, ಹೌದ್ರಿ ಎನ್ನುತ್ತ ಎತ್ತಿಕೊಂಡು ನಡೆದರು. ಕೊನೆಗೆ ಆ ಸೊಸೆ ಒಬ್ಬಳೇ ಉಳಿದಳು. ಅವಳ ಕೊಡ ಇನ್ನೂ ಅರ್ಧವಿತ್ತು. ಅವಳಿಗೆ ಹೇಳುತ್ತಲೇ ಇದ್ದೆ.